ಕರಿಬಣ್ಣದ ಕೆಳಗಿನ ಸದ್ದು

ಎರಡು ಕಿವಿಯೂ ಚೆನ್ನಾಗಿವೆ ಎಂದು ಕಿವಿ ಡಾಕ್ಟರಮ್ಮ ಹೇಳಿದಾಗ ಅವನಿಗೆ ಭಯವಾಯಿತು. ಕಾಗದದ ಮೇಲಿನ ಎರಡು ಗೆರೆಗಳನ್ನು ಆಕೆ ಪೆನ್ನಿನ ತುದಿಯಿಂದ ತೋರಿಸುತ್ತಿದ್ದರು. ಒಂದು ಕೆಂಪು, ಒಂದು ನೀಲಿ; ಎರಡೂ ಗಾಳಿಯಿಲ್ಲದ ದಿನದ ಕೆರೆಯಂತೆ ಸಮವಾಗಿದ್ದವು. "ಐವತ್ತೆರಡಕ್ಕೆ ಇಂಥಾ ಕಿವಿ ನಾನು ಈ ವರ್ಷ ನೋಡಿಲ್ಲ. ಕಿವುಡು ಅಂತ ನಿಮಗೆ ಹೇಳಿದ್ದು ಯಾರು?" ಎಂದರು. "ಮನೇಲಿ ಹೇಳ್ತಾಳೆ ಡಾಕ್ಟ್ರೇ. ಅಡುಗೆಮನೆಯಿಂದ ಮೂರು ಸಲ ಕೂಗಿದ್ರೂ ನಂಗೆ ಕೇಳ್ಸಲ್ವಂತೆ." ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮನೆಯವರಿಗೂ ಅದೇ ಕಾಯಿಲೆ. ಅದಕ್ಕೆ ಈ ಕೋಣೇಲಿ ಮದ್ದಿಲ್ಲ." ಬೇರೆ ಯಾರಾದರೂ ಆಗಿದ್ದರೆ ನಕ್ಕು, ದೇವರಿಗೆ ಕೈಮುಗಿದು ಎದ್ದುಹೋಗುತ್ತಿದ್ದರು. ಅವನು ಕೂತೇ ಇದ್ದ. ಸ್ವಲ್ಪ ಹೊತ್ತಿನ ಹಿಂದೆ, ಒಳಗೆಲ್ಲ ಮೆತ್ತೆ ಬಡಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು, ಸೂಜಿಮೊನೆಯಂಥ ಸಣ್ಣ ಸದ್ದುಗಳನ್ನು ಒಂದೊಂದಾಗಿ ಹಿಡಿದು ಬಟನ್ ಒತ್ತುತ್ತಿದ್ದಾಗಲೇ ಅವನಿಗೆ ಬೇರೊಂದು ಸದ್ದು ನೆನಪಾಗತೊಡಗಿತ್ತು. ಮೂರು ವಾರದ ಹಿಂದಿನದು. ದಬ್ ಎಂಬ ಮಂಕು ಸದ್ದು. "ಡಾಕ್ಟ್ರೇ, ಈ ಕಿವಿ ಅನ್ನೋದು ಕೆಲವು ದಿನ ಹೋಗಿ ಕೆಲವು ದಿನ ಬರೋದು ಅಂತ ಇರುತ್ತಾ?" ಎಂದು ಕೇಳಿದ. "ಇದೇನು ನಲ್ಲಿ ನೀರಾ?" ಎಂದರು ಆಕೆ.

ಇಪ್ಪತ್ತಾರು ವರ್ಷಗಳಿಂದ ಅವನು ಹಳೆಯ ಕಾರುಗಳ ಹೊಟ್ಟೆಯ ಕೆಳಗೆ ನಿಂತು ಬದುಕಿದವನು. ತಪಾಸಣೆ ಕೇಂದ್ರದ ನೆಲದಲ್ಲಿ ಆಳೆತ್ತರದ ಗುಂಡಿ, ಇಳಿಯಲು ಏಳು ಮೆಟ್ಟಿಲು, ತಂತಿಬಲೆಯೊಳಗೆ ಒಂದು ದೀಪ. ವಯಸ್ಸಾದ ಕಾರುಗಳು ವರ್ಷಕ್ಕೊಮ್ಮೆ ಬಂದು ಆ ಗುಂಡಿಯ ಮೇಲೆ ನಿಲ್ಲಬೇಕು. ಅವನು ಮನಸ್ಸಿನಲ್ಲಿ ದೇವರನ್ನೊಮ್ಮೆ ನೆನೆದು, ಬೆರಳುದ್ದದ ತಲೆಯ ಸುತ್ತಿಗೆಯಿಂದ ಅವುಗಳ ಎಲುಬುಗಳನ್ನು ತಟ್ಟುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಒಳಗೊಳಗೇ ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಡ್ರೈವರುಗಳು ಅವನನ್ನು ಸುತ್ತಿಗೆ ಸಾರ್ ಎಂದೇ ಕರೆಯುವುದು. ಹೊರಗೆ ಕಾಣುವ ತುಕ್ಕಿನ ಬಗ್ಗೆ ಅವನಿಗೆ ಅಂಥ ಭಯವಿರಲಿಲ್ಲ, ಅದು ಬಾಯಿಬಿಟ್ಟು ಬೈಯುವ ನೆಂಟನ ಹಾಗೆ. ಕೆಸರು ಸೇರಿ, ನೀರು ನಿಂತು, ಕಬ್ಬಿಣದ ಪೆಟ್ಟಿಗೆಗಳ ಒಳಮೈಯಿಂದ ಶುರುವಾಗುವ ತುಕ್ಕು ಬೇರೆ. ಚಕ್ರದ ಪಕ್ಕ ಕಾರಿನ ಭಾರ ಹೊತ್ತು ಕೂರುವ ಸ್ಪ್ರಿಂಗಿನ ಬುಡದಲ್ಲಿ ಒಂದು ಬಟ್ಟಲಿರುತ್ತದೆ. ಆ ತುಕ್ಕು ಸೇರಿಕೊಳ್ಳುವುದು ಅಲ್ಲೇ. ಅದರ ಮೇಲೆ ಡಾಂಬರಿನಂಥ ಕರಿಬಣ್ಣ ದಪ್ಪಗೆ ಬಳಿದುಬಿಟ್ಟರೆ ಕಣ್ಣಿಗೆ ಕೆಲಸವಿಲ್ಲ. ಬಳಿದದ್ದನ್ನು ಕೆರೆಯಬಾರದು, ಚುಚ್ಚಬಾರದು ಎಂಬುದು ಕೇಂದ್ರದ ನಿಯಮ. ಆಮೇಲೆ ಉಳಿಯುವುದು ಕಿವಿ ಒಂದೇ.

ಎರಡು ತಿಂಗಳ ಹಿಂದೆ ಹೆಂಡತಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಕೋಪವಿಲ್ಲದ ದನಿಯಲ್ಲಿ "ನಿಮಗೆ ಕಿವಿ ಮಂದ ಆಗ್ತಿದೆ ಕಣ್ರೀ, ತೋರಿಸ್ಕೊಳ್ಳಿ" ಎಂದಿದ್ದಳು. ಕೋಪದಿಂದ ಹೇಳಿದ್ದರೆ ಮರೆತುಬಿಡುತ್ತಿದ್ದ. ಕನಿಕರದಿಂದ ಹೇಳಿದ್ದರಿಂದ ಅದು ಒಳಗೆ ಇಳಿದು ಕೂತಿತು. ಮರುದಿನದಿಂದ ಗುಂಡಿಯೊಳಗೆ ಅವನು ಕಬ್ಬಿಣವನ್ನು ಆಲಿಸುವುದು ಬಿಟ್ಟು ತನ್ನ ಕಿವಿಯನ್ನೇ ಆಲಿಸತೊಡಗಿದ. ಟಣ್ ಎಂದು ಬಂದರೆ, ಇವತ್ತು ಕಿವಿ ಪರವಾಗಿಲ್ಲ. ದಬ್ ಎಂದು ಬಂದರೆ, ಇವತ್ತು ಹೋಗಿದೆ. ಪಕ್ಕದ ಗುಂಡಿಯವನನ್ನು ಕರೆದು, ನೀನೂ ಒಂದು ಸಲ ತಟ್ಟಿ ನೋಡಪ್ಪ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಿವಿಯಿಲ್ಲದ ಸುತ್ತಿಗೆ ಸಾರ್‌ನನ್ನು ಇಟ್ಟುಕೊಂಡು ಯಾರೇನು ಮಾಡುತ್ತಾರೆ? ಹೀಗೆ, ಕಾರು ಕಲಿಸುವ ಟೀಚರ ಬೂದು ಬಣ್ಣದ ಹಳೆಯ ಕಾರು ಬಂದ ದಿನ, ಹಿಂದಿನ ಎಡಚಕ್ರದ ಹತ್ತಿರ ಐದು ಸಲ ತಟ್ಟಿದ. ಐದು ಸಲವೂ ದಬ್. ಆರನೆಯ ಸಲ ತಟ್ಟಲು ನಾಚಿಕೆಯಾಯಿತು, ಪಕ್ಕದವನು ತಿರುಗಿ ನೋಡಿದಂತೆ ಅನ್ನಿಸಿತು. ನನ್ನ ಕಿವಿಯ ಪಾಪಕ್ಕೆ ಈ ಹೆಣ್ಣುಮಗಳ ಹೊಟ್ಟೆಪಾಡಿನ ಕಾರನ್ನು ಯಾಕೆ ಹೊಣೆ ಮಾಡಲಿ ಎಂದುಕೊಂಡ. ಹಾಗೆ ಅಂದುಕೊಂಡಾಗ ತಾನು ಒಳ್ಳೆಯವನು ಎಂಬ ಒಂದು ತಣ್ಣನೆಯ ಸುಖವೂ ಆಯಿತು. ಮೇಲೆ ಹತ್ತಿ ಬಂದು ಸಹಿ ಹಾಕಿದ. ಅದರ ಮೂರನೆಯ ದಿನ ಅಕ್ಕ ಫೋನು ಮಾಡಿ, "ನಾನು ಕಾರು ಕಲೀಬೇಕು ಅಂತಿದೀನಿ ಕಣೋ, ಜೀವಮಾನವೆಲ್ಲ ಪಕ್ಕದ ಸೀಟಲ್ಲಿ ಕೂತು ಬ್ರೇಕು ಒತ್ತಿ ಒತ್ತಿ ಕಾಲು ನೋವು. ಯಾರ ಹತ್ರ ಸೇರಲಿ?" ಎಂದಾಗ ಅವನು ಒಂದು ಗಳಿಗೆಯೂ ತಡೆಯದೆ ಈ ಟೀಚರ ಹೆಸರು ಹೇಳಿದ. "ಆ ಗಾಡೀನ ನಾನೇ ಕೆಳಗೆ ನಿಂತು ನೋಡಿದೀನಿ. ಧೈರ್ಯವಾಗಿ ಹೋಗು." ಯಾಕೆ ಹಾಗೆ ಹೇಳಿದೆ ಎಂದು ಈಗ, ಡಾಕ್ಟರಮ್ಮನ ಮೆಟ್ಟಿಲಿಳಿಯುತ್ತಾ ಕೇಳಿಕೊಂಡ. ಜೋರಾಗಿ ಹೇಳಿದರೆ ಒಳಗಿನ ಅನುಮಾನ ಸಣ್ಣದಾಗುತ್ತದೆ ಎಂದಿರಬೇಕು.

ಬೆಳಿಗ್ಗೆ ಅಕ್ಕ ಸಂಭ್ರಮದಿಂದ ಹೇಳಿದ್ದಳು, ಹನ್ನೊಂದೂವರೆಗೆ ಪಾಠ, ಇವತ್ತು ಮೊದಲ ಸಲ ಅಂಗಳ ಬಿಟ್ಟು ಇಳಿಜಾರಿನ ರಸ್ತೆಗೆ ಹೋಗುತ್ತಾರಂತೆ. ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು. ಅಕ್ಕನಿಗೆ ಫೋನು ಮಾಡಿದ, ಸಿಗಲಿಲ್ಲ; ಕಲಿಯುವವರ ಫೋನುಗಳನ್ನೆಲ್ಲ ಟೀಚರು ಮೊದಲೇ ಆರಿಸಿ ಇಡಿಸುತ್ತಿದ್ದರು. ಟೀಚರ ನಂಬರು ಅವನ ಹತ್ತಿರ ಇರಲಿಲ್ಲ. ಪಾಠ ನಡೆಯುವ, ಮುಚ್ಚಿಹೋದ ಬಟ್ಟೆ ಮಿಲ್ಲಿನ ಹಿಂದಿನ ಅಂಗಳಕ್ಕೆ ಹದಿನೈದು ನಿಮಿಷದ ನಡಿಗೆ. ಬೇಗಬೇಗ ಹೆಜ್ಜೆ ಹಾಕಿದ. ಆದರೆ ಆ ದಾರಿಯಲ್ಲಿ ಅವನು ಮಾಡಿದ ಒಂದು ಕೆಲಸವನ್ನು ಆಮೇಲೆ ಎಷ್ಟೋ ದಿನ ಯಾರಿಗೂ ಹೇಳಲಿಲ್ಲ. ಶಾಲೆಯ ಕಬ್ಬಿಣದ ಬೇಲಿ ಬಂದಾಗ ಜೇಬಿನಿಂದ ಬೀಗದ ಕೈ ತೆಗೆದು ಒಂದು ಸರಳಿಗೆ ತಟ್ಟಿದ. ಟಣ್. ಮುಂದಿನದಕ್ಕೂ ತಟ್ಟಿದ. ಟಣ್. ದೀಪದ ಕಂಬ, ಅಂಚೆಡಬ್ಬ, ಯಾರದೋ ಗೇಟು. ಅಂಚೆಡಬ್ಬದ ಕೆಳಗಿನ ಅಂಚು ಬೇರೆ ಥರ ನುಡಿಯಿತು. ಬಗ್ಗಿ ನೋಡಿದರೆ ಅಲ್ಲಿ ತುಕ್ಕಿನ ಸಣ್ಣ ಕಿಂಡಿ. ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ, ಎಲ್ಲ ಎಷ್ಟು ನಿಜ ಹೇಳುತ್ತಿವೆ ಎಂದು ಅವನಿಗೆ ಹಿಗ್ಗಾಯಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತು, "ಏನಾದ್ರೂ ಬಿದ್ದುಹೋಯ್ತಾ?" ಎಂದಳು. "ಇಲ್ಲಮ್ಮ, ಸಿಕ್ಕಿತು" ಎಂದುಬಿಟ್ಟ. ಆಮೇಲೆ ಮೈಯೆಲ್ಲ ಬಿಸಿಯಾಯಿತು. ಒಡಹುಟ್ಟಿದವಳು ಆ ಕಾರಿನಲ್ಲಿ ಕೂತಿದ್ದಾಳೆ, ನಾನಿಲ್ಲಿ ಅಂಚೆಡಬ್ಬ ಬಡಿಯುತ್ತಿದ್ದೇನೆ. ಓಡತೊಡಗಿದ. ಓಡುವಾಗಲೂ, ಅಕ್ಕನಿಗೆ ಏನೂ ಆಗದಿರಲಿ ದೇವರೇ ಎಂಬ ಬೇಡಿಕೆಯ ಪಕ್ಕದಲ್ಲೇ, ಬೆಚ್ಚಗೆ, ಆ ಬಟ್ಟಲಿನೊಳಗೆ ಈಗ ಏನಿದೆಯೋ ನೋಡಬೇಕೆಂಬ ಆಸೆಯೂ ಓಡುತ್ತಿತ್ತು.

ಮಿಲ್ಲಿನ ಗೇಟಿನಿಂದ ಬೂದುಕಾರು ಮೂತಿ ಹೊರಹಾಕಿತ್ತು. ಅಕ್ಕ ಸ್ಟೀರಿಂಗನ್ನು ಎರಡೂ ಕೈಯಲ್ಲಿ, ಹಗ್ಗ ಜಗ್ಗುವವಳ ಹಾಗೆ ಹಿಡಿದಿದ್ದಳು. ಎದುರಿಗೆ ಕೈಯೆತ್ತಿ ನಿಂತ ತಮ್ಮನನ್ನು ಕಂಡದ್ದೇ ಕ್ಲಚ್ಚು ಬಿಟ್ಟಳು. ಕಾರು ಒಂದು ಸಲ ಕುಪ್ಪಳಿಸಿ ನಿಂತಿತು. ಕುಪ್ಪಳಿಸಿದಾಗ ಹಿಂದಿನಿಂದ ಟಕ್ ಎಂದಿತು.

"ನೋಡಿ ಟೀಚರೇ, ನಿಲ್ಲಿಸಿದೆ. ಕಲ್ತಿಲ್ಲ ಅಂದ್ರಲ್ಲ" ಎಂದಳು ಅಕ್ಕ.

"ನಿಲ್ಲಿಸಿದ್ದಲ್ಲಮ್ಮ ಅದು, ನಿಂತ್ಕೊಂಡದ್ದು." ಟೀಚರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಲವತ್ತರ ಗಟ್ಟಿ ಹೆಂಗಸು, ಕೊರಳಲ್ಲಿ ಸೀಟಿ. "ಏನ್ ಸಾರ್, ಕಾರಿಗೆ ಅಡ್ಡ ನಿಲ್ಲೋದನ್ನ ನಿಮ್ಮ ಆಫೀಸಲ್ಲಿ ಕಲಿಸ್ತಾರಾ?"

"ಆ ಟಕ್ ಅನ್ನೋದು ಯಾವಾಗಿಂದ?"

"ನಿನ್ನೆ ಸಂಜೆಯಿಂದ. ಹಳೇ ಗಾಡಿ, ಮೈಕೈ ನೋವಿರುತ್ತೆ. ನಿಮ್ಮ ಸಹಿ ಇದೆಯಲ್ಲ, ನಂಗೇನು ಭಯ?"

ಅವನು ಕಾರಿನ ಹಿಂದೆ ಹೋಗಿ ಕೂತು ಕಣ್ಣಳತೆ ಮಾಡಿದ. ಎಡಗಡೆ ಎರಡು ಬೆರಳು ತಗ್ಗಿತ್ತು. "ಇದನ್ನ ಒಳಗೆ ತಗೊಂಡು ಹೋಗ್ಬೇಕು. ಓಡಿಸೋದು ಬೇಡ, ತಳ್ಳೋಣ" ಎಂದ. ದನಿಯಲ್ಲಿ ಏನಿತ್ತೋ, ಟೀಚರು ಕೆಳಗಿಳಿದರು. ಅಂಗಳದ ಬೆಂಚಿನ ಮೇಲೆ ಪಾಠದ ಸರದಿ ಕಾಯುತ್ತಿದ್ದ ದರ್ಜಿಯನ್ನೂ ಕರೆದು, ನಾಲ್ವರೂ ಕಾರನ್ನು ಅಂಗಳಕ್ಕೆ ತಳ್ಳಿದರು. ಡಾಕ್ಟರ ಬಳಿಗೆ ಹೋಗಬೇಕೆಂದು ಹೆಂಡತಿ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಅಂಗಿಯಲ್ಲೇ ಅವನು ಚಕ್ರದ ಪಕ್ಕ ಅಂಗಾತ ಮಲಗಿದ. ಡಿಕ್ಕಿಯಲ್ಲಿದ್ದ ಚಕ್ರ ಬಿಚ್ಚುವ ಪಾನವೇ ಇವತ್ತು ಅವನ ಸುತ್ತಿಗೆ. ಮೊದಲು ಬಲಗಡೆಯ ಬಟ್ಟಲಿಗೆ ತಟ್ಟಿದ. ಟಣ್. ಸರಿದುಕೊಂಡು ಎಡಗಡೆಗೆ ತಟ್ಟಿದ. ದಬ್. ಅದೇ ಸದ್ದು. ಮೂರು ವಾರ ಎದೆಯಲ್ಲಿ ಇಟ್ಟುಕೊಂಡಿದ್ದ ಸದ್ದು, ಗುರುತು ಹಿಡಿದ ಪರಿಚಯದವನಂತೆ. ಆಗ ಅವನಿಗೆ ಚಿಕ್ಕಂದಿನ ಕುಂಬಾರರ ಅಂಗಡಿ ನೆನಪಾಯಿತು. ಅವನಿಗೆ ಆರು, ಅಕ್ಕನಿಗೆ ಹದಿಮೂರು. ಮಡಕೆಗಳ ಸಾಲಿನ ನಡುವೆ ಅವನನ್ನು ನಿಲ್ಲಿಸಿಕೊಂಡು, ಬೆರಳ ಗಿಣ್ಣಿನಿಂದ ಒಂದೊಂದನ್ನೇ ತಟ್ಟಿ, ಇದು ಒಡಕು, ಇದು ಒಡಕು, ಇದು ನಮ್ಮದು, ಎನ್ನುತ್ತಾ ಹೋಗುತ್ತಿದ್ದಳು. ಕಿವಿ ಎಂಬುದು ಅವನಿಗೆ ಬಂದದ್ದೇ ಅವಳಿಂದ. ಆ ಅಂಗಡಿಯಲ್ಲಿ ಅವಳು ಒಮ್ಮೆಯೂ ತನ್ನ ಕಿವಿಯನ್ನು ಅನುಮಾನಿಸಿದ್ದನ್ನು ಅವನು ಕಂಡಿರಲಿಲ್ಲ. ಅನುಮಾನ ಬಂದದ್ದು ಮಡಕೆಯ ಮೇಲೆ.

"ಟೀಚರೇ, ಕೆರೀಲಾ?" ಎಂದು ಕೆಳಗಿನಿಂದ ಕೇಳಿದ.

"ಈಗ ಅಪ್ಪಣೆ ಕೇಳ್ತೀರಾ? ಕೆರೀರಿ."

ಡಿಕ್ಕಿಯಲ್ಲೇ ಸಿಕ್ಕ ಸ್ಕ್ರೂಡ್ರೈವರು ಕರಿಬಣ್ಣವನ್ನು ತೊಗಟೆಯಂತೆ ಎಬ್ಬಿಸಿತು. ಅದರ ಹಿಂದೆ ಮೊನೆಯನ್ನು ತಡೆಯುವ ಕಬ್ಬಿಣವೇ ಇರಲಿಲ್ಲ. ಮೊನೆ ಒದ್ದೆಮಣ್ಣಿಗೆ ಇಳಿದಂತೆ ಹಿಡಿಯ ತನಕ ಇಳಿಯಿತು, ಸಣ್ಣಗೆ ಕಂದು ನೀರು ಸುರಿದು ಅವನ ಕೊರಳ ಪಟ್ಟಿಗೆ ಬಿತ್ತು. ಪದರು ಪದರಾಗಿ, ಬಹಳ ಕಾಲ ನೆನೆದ ಪುಸ್ತಕದ ಹಾಳೆಗಳಂತೆ ತುಕ್ಕು ಕೈಗೆ ಬಂತು. ಹೊರಗಿನದು ಇಟ್ಟಿಗೆ ಬಣ್ಣ, ಒಳಗಿನದು ಕಪ್ಪು, ನಡುವೆ ಹೂವಿನ ಧೂಳಿಯಂಥ ಹಳದಿ. ಎಂಥ ತಾಳ್ಮೆಯ ಕೆಲಸ ಎಂದುಕೊಂಡ. ಯಾವ ಮಳೆಗಾಲದ ನೀರೋ, ಯಾವ ದಾರಿಯ ಕೆಸರೋ, ಯಾರೂ ನೋಡದ ಕಡೆ ಕೂತು, ಕಬ್ಬಿಣವನ್ನು ಮತ್ತೆ ಮಣ್ಣಿಗೆ ಕರೆದುಕೊಂಡು ಹೋಗುತ್ತಿದೆ. ದೇವರ ಕೆಲಸಗಳಲ್ಲಿ ಇದೂ ಒಂದಿರಬೇಕು. ಸ್ಪ್ರಿಂಗಿನ ಕಟ್ಟಕಡೆಯ ಸುತ್ತು ಬಟ್ಟಲಿನೊಳಗೆ ತುಂಡಾಗಿ ಬಿದ್ದಿತ್ತು. ಬೆರಳು ತೂರಿಸಿ ತುಂಡನ್ನು ಹೊರಗೆಳೆದು, ಬಿಸಿಲಿಗೆ ಹಿಡಿದು ಮುರಿದ ಮುಖವನ್ನು ನೋಡಿದ. ಮುಕ್ಕಾಲು ಭಾಗ ಕಂದು, ಕಾಲುಭಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಂದು ಎಂದರೆ ಹಳೆಯ ಬಿರುಕು, ಅವನು ಗುಂಡಿಯಲ್ಲಿ ನಿಂತು ತಟ್ಟಿದ ದಿನವೂ ಅಲ್ಲಿದ್ದದ್ದು. ಹೊಳೆಯುವುದು ನಿನ್ನೆ ಸಂಜೆಯದು. ಮುರಿದ ತುದಿ ಈಗ ಒಂದು ಸಿಪ್ಪೆಯಷ್ಟು ತಗಡಿನ ಮೇಲೆ ಕೂತಿತ್ತು. ಇಳಿಜಾರಿನಲ್ಲಿ ಒಂದು ಗುಣಿ ಸಿಕ್ಕಿದ್ದರೆ ಅದು ತಗಡನ್ನು ತೂರಿ ಟೈರಿಗೆ ನಾಟುತ್ತಿತ್ತು. ಇಷ್ಟನ್ನೂ ಅವನು ಒಂದು ಬಗೆಯ ಮೈಮರೆವಿನಲ್ಲಿ ಓದುತ್ತಾ ಮಲಗಿದ್ದ. ಕಾಲಿನ ಹತ್ತಿರ ಅಕ್ಕನ ಚಪ್ಪಲಿಗಳು ಕಂಡಾಗ ಎಚ್ಚರವಾಯಿತು.

ಎದ್ದು ಕೂತ. ತುಂಡನ್ನು ಟೀಚರ ಕೈಗೆ ಕೊಟ್ಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಬಗ್ಗಿ ಕಾರಿನ ಕೆಳಗೆ ನೋಡಿದರು.

"ಕರಿಬಣ್ಣ ಹೊಡೆಸಿದ್ದು ನಾನೇ" ಎಂದರು. "ಗ್ಯಾರೇಜಿನವನು, ಹೊಡೆಸಿದ್ರೆ ಆಯಸ್ಸು ಜಾಸ್ತಿ ಅಂದ. ಕೆಳಗಿನದು ನಂಗೆ ಗೊತ್ತಾಗಲ್ಲ. ಗೊತ್ತಾಗೋರು ಅಂತ ನಿಮ್ಮ ಹತ್ರ ತಂದದ್ದು."

"ನನಗೆ ಗೊತ್ತಾಗಿತ್ತು."

ಟೀಚರು ತಲೆಯೆತ್ತಿದರು.

"ಕೇಳ್ಸಿತ್ತು" ಎಂದ ಅವನು. "ಐದು ಸಲ ಕೇಳ್ಸಿತ್ತು. ನನ್ನ ಕಿವಿ ಹೋಗಿದೆ ಅಂದ್ಕೊಂಡೆ. ಇನ್ನೊಬ್ಬರನ್ನ ಕರೆದು ಕೇಳೋಕೆ ನಾಚಿಕೆ. ಹಾಗಾಗಿ ಸಹಿ ಹಾಕ್ದೆ. ಇವತ್ತು ಡಾಕ್ಟ್ರು ಹೇಳಿದ್ರು, ಕಿವಿಗೇನೂ ಆಗಿಲ್ಲಂತೆ."

ಟೀಚರು ಬಯ್ಯುತ್ತಾರೆಂದು ಕಾದ. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವರು ಮೆಲ್ಲಗೆ, ಲೆಕ್ಕ ಒಪ್ಪಿಸುವ ಮಕ್ಕಳ ಹಾಗೆ ಹೇಳಿದರು: "ಈ ಮೂರು ವಾರದಲ್ಲಿ ಒಂಬತ್ತು ಜನ ಕಲಿತಿದಾರೆ ಇದ್ರಲ್ಲಿ. ಒಬ್ಬಳು ಏಳು ತಿಂಗಳ ಬಸುರಿ. ನಾನೇ ಅವಳಿಗೆ, ಇಳಿಜಾರಿಗೆ ಹೋಗು, ಗಾಡಿ ಭದ್ರವಾಗಿದೆ ಅಂದೆ. ಹೋದ ವಾರ." ಅವನು ತಲೆ ತಗ್ಗಿಸಿದ. ಅಂಗಿಯ ಮೇಲಿನ ಕಂದು ಕಲೆ ಹೊಟ್ಟೆಯ ತನಕ ಇಳಿದಿತ್ತು.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಚಕ್ರದ ಪಕ್ಕ ಕೂತಳು. "ಹೊಡಿ" ಎಂದಳು.

"ಏನಕ್ಕಾ?"

"ಎರಡೂ ಕಡೆ ಹೊಡಿ. ನಾನೂ ಕೇಳ್ತೀನಿ."

ಅವನು ಮತ್ತೆ ಕೆಳಗೆ ತೂರಿ, ಬಲಗಡೆ ತಟ್ಟಿದ, ಎಡಗಡೆ ತಟ್ಟಿದ. ಟೀಚರೂ ಒಂದು ಕೈ ನೆಲಕ್ಕೂರಿ ಬಗ್ಗಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ" ಎಂದಳು. ಆಮೇಲೆ ಎದ್ದು ಮೊಣಕಾಲಿನ ಧೂಳು ಕೊಡವಿದಳು. "ಇದು ಕಿವುಡರಿಗೂ ಕೇಳ್ಸುತ್ತೆ ಕಣೋ. ಕಿವಿ ಹೋಗಿದೆ ಅನ್ನೋದು ನಿಂಗೆ ಅನುಕೂಲವಾಗಿತ್ತು."

ಅವನು ಎದ್ದು ಕೂರದೆ ಆ ಮಾತನ್ನು ಅಲ್ಲೇ, ಕಾರಿನ ನೆರಳಿನಲ್ಲಿ ಮಲಗಿಕೊಂಡು ಕೇಳಿಸಿಕೊಂಡ. ಅದು ಅವನೊಳಗೆ ಎಲ್ಲಿಗೆ ತಟ್ಟಿತು, ಅಲ್ಲಿಂದ ಎಂಥ ಸದ್ದು ಬಂತು ಎಂದು ನೋಡಬೇಕೆನ್ನಿಸಿತು. ಹೌದು, ಅನುಕೂಲವಾಗಿತ್ತು. ಕಾರು ಫೇಲ್ ಎಂದರೆ ಎದುರಿಗೆ ಒಂದು ಮುಖ ಬಾಡುತ್ತದೆ, ವಾದ ಬೆಳೆಯುತ್ತದೆ, ಇನ್ನೊಬ್ಬರನ್ನು ಕರೆಸಿ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಅದನ್ನೆಲ್ಲ ಎದುರಿಸಿ ದಣಿದವನಿಗೆ ಕಿವಿಯ ನೆಪ ಒಂದು ದಿಂಬಿನಂತೆ ಸಿಕ್ಕಿತ್ತು. ಹೊರಗೆ ಬಂದು ಟೀಚರ ಹತ್ತಿರ ತಪಾಸಣೆಯ ಕಾಗದ ಕೇಳಿದ. ಅವರು ಡ್ಯಾಶ್‌ಬೋರ್ಡಿನಿಂದ ತೆಗೆದುಕೊಟ್ಟರು. ತನ್ನ ಸಹಿಯ ಮೇಲೆ ಅಡ್ಡ ಗೆರೆ ಎಳೆದು, ಓಡಿಸಬಾರದು ಎಂದು ಬರೆದು, ಇವತ್ತಿನ ತಾರೀಕು ಹಾಕಿ ಮತ್ತೆ ಸಹಿ ಮಾಡಿದ. "ನಾಳೆ ಆಫೀಸಲ್ಲಿ ನಾನೇ ಹೇಳ್ತೀನಿ. ನನಗೆ ಏನಾಗುತ್ತೋ ಗೊತ್ತಿಲ್ಲ" ಎಂದ.

"ನಿಮಗೇನಾಗುತ್ತೆ ಅಂತ ನಾನು ಕೇಳಲಿಲ್ಲ ಸಾರ್" ಎಂದರು ಟೀಚರು. "ನಾನು ಕೇಳೋದು ಬೇರೆ. ಇದೊಂದೇನಾ?"

ಬೆಳಿಗ್ಗೆಯಿಂದ ಅವನು ಆ ಪ್ರಶ್ನೆಯ ಪಕ್ಕದಲ್ಲೇ ನಡೆದು ಬಂದಿದ್ದ, ಮುಖ ತಿರುಗಿಸಿಕೊಂಡು. ಅಕ್ಕ ಚೀಲದಿಂದ ಪಾಠದ ಪುಸ್ತಕ ತೆಗೆದಳು. ಕ್ಲಚ್ಚು, ಗೇರು, ಕನ್ನಡಿ ಎಂದು ದುಂಡಗೆ ಬರೆದುಕೊಂಡಿದ್ದ ಹಾಳೆಗಳನ್ನು ದಾಟಿ ಖಾಲಿ ಹಾಳೆ ತೆರೆದು ಅವನ ಮುಂದೆ ಹಿಡಿದಳು. ಅವನು ಬೆಂಚಿನ ಮೇಲೆ ದರ್ಜಿಯ ಪಕ್ಕ ಕೂತು ಕಣ್ಣು ಮುಚ್ಚಿದ. ಮುಖಗಳು ಬರಲಿಲ್ಲ, ನಂಬರುಗಳು ಬರಲಿಲ್ಲ, ಸದ್ದುಗಳು ಬಂದವು. ಎರಡು ತಿಂಗಳಲ್ಲಿ ತಾನು ಕ್ಷಮಿಸಿಬಿಟ್ಟ ಒಂದೊಂದು ಸದ್ದೂ, ಬಾಗಿಲ ಹೊರಗೆ ಕೂತು ಕಾಯುತ್ತಿದ್ದ ಹಾಗೆ, ತನ್ನ ಕಾರನ್ನು ಹಿಡಿದುಕೊಂಡು ಒಳಗೆ ಬಂತು. ಬೇಕರಿಯವನ ವ್ಯಾನು, ಮುಂದಿನ ಬಲಗಡೆ. ಹೂವಿನ ಅಂಗಡಿಯ ಗಂಡಹೆಂಡಿರ ಹಸಿರು ಕಾರು. ಹಲ್ಲಿನ ಡಾಕ್ಟರದು, ಅದರ ಮೇಲೂ ಹೊಸ ಕರಿಬಣ್ಣ. ಶಾಲೆಗೆ ಮಕ್ಕಳನ್ನು ಬಿಡುವ ಒಂದು ಗಾಡಿ. ಆ ನಾಲ್ಕನೆಯದನ್ನು ಬರೆದಾಗ ಕೈ ನಿಂತಿತು. "ಐದನೇದರದ್ದು ಸರಿಯಾಗಿ ನೆನಪಾಗ್ತಿಲ್ಲ. ಟಣ್ಣೂ ಅಲ್ಲ, ದಬ್ಬೂ ಅಲ್ಲ" ಎಂದ.

"ಅದನ್ನೂ ಬರಿ" ಎಂದಳು ಅಕ್ಕ.

ತಮ್ಮ ಹತ್ತಿರವೇ ಕಲಿತಿದ್ದ ಶಾಲೆಯ ಗಾಡಿಯ ಡ್ರೈವರಿಗೆ ಟೀಚರು ಅಲ್ಲಿಂದಲೇ ಫೋನು ಮಾಡಿದರು. ಮಧ್ಯಾಹ್ನ ಆ ಗಾಡಿ ತೆಗೆಯಬೇಡಿ, ತಪಾಸಣೆಯವರು ನೋಡಲು ಬರುತ್ತಿದ್ದಾರೆ ಎಂದರು. ಅವನನ್ನು ತಪಾಸಣೆಯವರು ಎಂದೇ ಕರೆದರು. ಅವನು ಪಾನ ಕೇಳಿದ. "ತಗೊಂಡು ಹೋಗಿ. ಈ ಗಾಡಿ ಚಕ್ರ ಸದ್ಯಕ್ಕೆ ಯಾರೂ ಬಿಚ್ಚಲ್ಲ" ಎಂದು ಅವರು ಅವನ ಮುಖ ನೋಡದೆ ಕೊಟ್ಟರು. ಶಾಲೆಯ ದಾರಿಯಲ್ಲೇ ಬೇಕರಿ. ಅಕ್ಕ ಚೀಲ ಹೆಗಲಿಗೇರಿಸಿ ಅವನಿಗಿಂತ ಮುಂದೆ ಹೊರಟಳು, ಬೇಡ ಎಂದರೂ ಕೇಳಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಭಯ ಅವನಲ್ಲಿ ಹಾಗೇ ಇತ್ತು, ನಾಚಿಕೆಯೂ ಇತ್ತು. ಅವುಗಳ ನಡುವೆ, ಪ್ರಾರ್ಥನೆಗೆ ಕೂತಾಗ ಕೆಲವೊಮ್ಮೆ ಆಗುವಂತೆ, ಒಳಗೊಂದು ಜಾಗ ಖಾಲಿಯಾಗಿ, ಬರುವುದನ್ನು ಬಂದ ಹಾಗೆಯೇ ಕೇಳಲು ಸಿದ್ಧವಾಗಿತ್ತು.

ಬೇಕರಿಯವನು ಬಾಗಿಲಲ್ಲಿ ನಿಂತು ಮುಂಗೈಯ ಹಿಟ್ಟು ಒರೆಸಿಕೊಳ್ಳುತ್ತಿದ್ದ. ಅಂಗಿಯ ತುಂಬ ತುಕ್ಕಿನ ನೀರು, ಕೈಯಲ್ಲಿ ಪಾನ, ಪಕ್ಕದಲ್ಲಿ ಅಕ್ಕ, ಹೀಗೆ ಬಂದು ನಿಂತವನನ್ನು ಕಂಡು ಬೇಕರಿಯವನ ಮುಖದಲ್ಲಿ ಮೊದಲು ನಗು ಬಂದು, ಆಮೇಲೆ ಹೋಯಿತು. "ಏನ್ ಸಾರ್, ಇಲ್ಲಿಗೇ ಬಂದ್ರಿ? ನನ್ನದೇನಾದ್ರೂ ತಪ್ಪಾಯ್ತಾ?"

"ನಿಮ್ಮದಲ್ಲ" ಎಂದ ಅವನು. "ನಿಮ್ಮ ವ್ಯಾನು ಅವತ್ತು ನನಗೊಂದು ಮಾತು ಹೇಳಿತ್ತು. ಅದನ್ನ ಇನ್ನೊಂದು ಸಲ ಕೇಳಬೇಕು."